ಟ್ರಾನ್ಸಿಲ್ವೇನಿಯಾದ ಹಳೇ ಸ್ಯಾಕ್ಸನ್ ಮನೆ ರಿಪೇರಿ: ಸುಣ್ಣವೋ ಸಿಮೆಂಟೋ?

ನ್ಯೂರೆಂಬರ್ಗ್_ದಾವಣಗೆರೆ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಹಳೇ ಕಟ್ಟಡಗಳ ಕೆಲಸ ಗೊತ್ತಿರುವವರು, ರೊಮೇನಿಯಾ ಕಡೆ ಓಡಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ಸ್ವಲ್ಪ ಉದ್ದ ಇದೆ.

ನಾನು ಜರ್ಮನಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಆಫೀಸಿನ ಗೆಳೆಯ ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್, ಅಂದರೆ ರೊಮೇನಿಯಾದ ಆ ಭಾಗದಲ್ಲಿ ನೆಲೆಸಿದ್ದ ಜರ್ಮನ್ ಸಮುದಾಯದವನು. 12ನೇ ಶತಮಾನದಲ್ಲಿ ಹಂಗೇರಿಯ ರಾಜ ಎರಡನೇ ಗೇಜಾ ಗಡಿ ಕಾಯೋದಕ್ಕೆ, ಬೇಸಾಯ ಮಾಡೋದಕ್ಕೆ ಅಂತ ರೈನ್, ಮೊಸೆಲ್ ನದಿಗಳ ಕಡೆಯಿಂದ ಜನರನ್ನು ಕರೆಸಿಕೊಂಡ. ಅವರ ಸಂತತಿ ಇವರು. ಹೆಸರು ಸ್ಯಾಕ್ಸನ್ ಆದರೂ ಹೆಚ್ಚಿನವರು ಜರ್ಮನಿಯ ಸ್ಯಾಕ್ಸನಿಯವರಲ್ಲ. ಗೆಳೆಯನ ಮನೆಯವರು 1990ರಲ್ಲಿ ಊರು ಬಿಟ್ಟು ಜರ್ಮನಿಗೆ ಬಂದರು. ಆದರೆ ಅಜ್ಜಿ ಮನೆ ಮಾರಲಿಲ್ಲ. ಅದು ಸಿಗಿಶ್ವಾರಾ ಪಟ್ಟಣದಿಂದ ಸ್ವಲ್ಪ ದೂರದ ಸಣ್ಣ ಹಳ್ಳಿಯಲ್ಲಿದೆ. ಬೀಗದ ಕೈ ಎದುರುಮನೆಯ ರೊಮೇನಿಯನ್ ಅಜ್ಜಿಯ ಹತ್ತಿರ ಇದೆ, ಇಷ್ಟು ವರ್ಷವೂ ಅವರೇ ಕಿಟಕಿ ತೆಗೆದು, ಹಾಕಿ, ಅಂಗಳದ ಹುಲ್ಲು ಕೊಯ್ದು ನೋಡಿಕೊಂಡಿದ್ದಾರೆ.

ಈ ಬೇಸಿಗೆಯಲ್ಲಿ ಗೆಳೆಯನ ಜೊತೆ ಹೋಗಿದ್ದೆ. ಅಂಥ ಬೀದಿ ನಾನು ಬೇರೆಲ್ಲೂ ನೋಡಿಲ್ಲ. ಅಗಲವಾದ ಬೀದಿ, ಮಧ್ಯೆ ಸಣ್ಣ ತೊರೆ, ಎರಡೂ ಕಡೆ ಹುಲ್ಲು, ಪಿಯರ್ ಮರ, ವಾಲ್‌ನಟ್ ಮರ. ಮನೆಗಳೆಲ್ಲ ಸಾಲಾಗಿ ನಿಂತಿವೆ, ಪ್ರತಿ ಮನೆಯ ಮಾಡಿನ ತ್ರಿಕೋನದ ಮುಖ ಬೀದಿ ಕಡೆಗೆ, ಅದರಲ್ಲಿ ಎರಡು ಕಿಟಕಿ, ಪಕ್ಕದಲ್ಲೇ ಎತ್ತರದ ಗೋಡೆ, ಗೋಡೆಯಲ್ಲಿ ಹುಲ್ಲಿನ ಗಾಡಿ ನುಗ್ಗುವಷ್ಟು ದೊಡ್ಡ ಹೆಬ್ಬಾಗಿಲು, ಜನ ಓಡಾಡೋದಕ್ಕೆ ಒಂದು ಚಿಕ್ಕ ಬಾಗಿಲು. ಒಂದು ಮನೆಯ ಗೋಡೆ ಮುಗಿದಲ್ಲಿ ಪಕ್ಕದ ಮನೆ ಶುರು. ಹೀಗಾಗಿ ಇಡೀ ಬೀದಿ ಒಂದೇ ಕೋಟೆಗೋಡೆ ಅನ್ನಿಸುತ್ತದೆ. ಒಳಗೆ ಹೋದರೆ ಉದ್ದಕ್ಕೆ ಸಪೂರ ಅಂಗಳ. ಒಂದು ಬದಿಗೆ ಮನೆ, ಅದರ ಕೆಳಗೆ ಕಮಾನಿನ ನೆಲಮಾಳಿಗೆ, ಆಮೇಲೆ ಬೇಸಿಗೆ ಅಡುಗೆಮನೆ, ಹಂದಿ ಗೂಡು. ಕೊನೆಯಲ್ಲಿ ಅಂಗಳದ ಅಗಲಕ್ಕೂ ಅಡ್ಡವಾಗಿ ದೊಡ್ಡ ಹುಲ್ಲಿನ ಕೊಟ್ಟಿಗೆ. ಅದನ್ನು ದಾಟಿದರೆ ಹಿತ್ತಲು, ಪ್ಲಮ್ ಮರಗಳು. ಮುಂಗೋಡೆಗೆ ನೀಲಿ ಸುಣ್ಣ, ಮೇಲೆ ಕಟ್ಟಿಸಿದವರ ಹೆಸರು ಮತ್ತು ಇಸವಿ.

ಈಗ ಸಮಸ್ಯೆ. ಗೋಡೆಯ ಕೆಳಭಾಗ ತೇವ ಹಿಡಿದಿದೆ, ಗಾರೆ ಉದುರುತ್ತಿದೆ. ಹಿಂದಿನ ಮೂಲೆಯಲ್ಲಿ ಮಾಡು ಸ್ವಲ್ಪ ಕುಸಿದಿದೆ, ಹೆಂಚು ಜಾರಿವೆ. ಅಲ್ಲಿನ ಒಬ್ಬ ಕಂಟ್ರಾಕ್ಟರ್ ಬಂದು ನೋಡಿದರು. ಹಳೇ ಗಾರೆ ಪೂರ್ತಿ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಬೇಕು, ಕೆಳಗೆ ಒಂದು ಮೀಟರ್ ಗಟ್ಟಿ ಸಿಮೆಂಟ್ ಪಟ್ಟಿ ಕೊಡಬೇಕು, ಮರದ ನೆಲ ತೆಗೆದು ಕಾಂಕ್ರೀಟ್ ಹಾಕಬೇಕು, ಕಿಟಕಿಗೆ ಪ್ಲಾಸ್ಟಿಕ್ ಫ್ರೇಮು, ಮೇಲೆ ಹೆಂಚಿನ ಬದಲು ತಗಡಿನ ಶೀಟು ಅಂತ ಒಂದೇ ಉಸಿರಿಗೆ ಹೇಳಿದರು. ಎದುರುಮನೆ ಅಜ್ಜಿ ಮಾತ್ರ, ಏನೂ ಕೀಳಬೇಡ, ಸುಣ್ಣ ತಂದು ಹಚ್ಚು ಅಂತಾರೆ.

ಗೆಳೆಯನ ಅಪ್ಪ ಇನ್ನೊಂದು ಹೇಳುತ್ತಾರೆ: ಮಾರಿಬಿಡು, ನಮ್ಮವರು ಯಾರೂ ಅಲ್ಲಿ ಉಳಿದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಎರಡು. ಸಿಮೆಂಟ್ ನಿಜಕ್ಕೂ ಅಷ್ಟು ಕೆಟ್ಟದ್ದಾ? ಮತ್ತೆ, ಊರಿನ ಜನವೇ ಹೋದ ಮೇಲೆ ಒಂದು ಮನೆ ಉಳಿಸಿಕೊಂಡು ಏನು ಪ್ರಯೋಜನ ಅನ್ನೋದಕ್ಕೆ ನೀವು ಏನು ಹೇಳುತ್ತೀರಿ?

---

ಗಾರೆ_ಕೆಲಸ ಉತ್ತರ:

ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾನು ಮೈಸೂರಿನಲ್ಲಿ ಹಳೇ ಕಟ್ಟಡಗಳ ದುರಸ್ತಿ ಮಾಡುವವನು. ಟ್ರಾನ್ಸಿಲ್ವೇನಿಯಾದಲ್ಲಿ ಬೇಸಿಗೆ ಶಿಬಿರವೊಂದರಲ್ಲಿ ಅಲ್ಲಿನ ಮೇಸ್ತ್ರಿಗಳ ಜೊತೆ ಕೆಲಸ ಮಾಡಿದ್ದೇನೆ.

ಎದುರುಮನೆ ಅಜ್ಜಿ ಹೇಳಿದ್ದು ಸರಿ. ಸಿಮೆಂಟ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಆದರೆ ಆ ಗೋಡೆಗೆ ಕೆಟ್ಟದ್ದು. ಆ ಗೋಡೆಗಳು ಕಲ್ಲು, ಮೆತ್ತನೆ ಇಟ್ಟಿಗೆ, ಸುಣ್ಣದ ಗಾರೆಯವು. ಕೆಳಗೆ ತೇವ ತಡೆಯುವ ಪದರ ಇಲ್ಲ. ನೆಲದ ನೀರು ಸ್ವಲ್ಪ ಸ್ವಲ್ಪ ಗೋಡೆಗೆ ಏರುತ್ತಲೇ ಇರುತ್ತದೆ, ಸುಣ್ಣದ ಗಾರೆಯ ಮೂಲಕ ಹೊರಗೆ ಆವಿಯಾಗುತ್ತಲೂ ಇರುತ್ತದೆ. ಇನ್ನೂರು ವರ್ಷ ಗೋಡೆ ನಿಂತದ್ದೇ ಹೀಗೆ. ಈಗ ಕೆಳಗೆ ಒಂದು ಮೀಟರ್ ಸಿಮೆಂಟ್ ಬಳಿದರೆ ನೀರು ಹೊರಗೆ ಹೋಗೋ ದಾರಿ ಮುಚ್ಚಿತು. ಅದು ಇನ್ನೂ ಮೇಲಕ್ಕೆ ಏರುತ್ತದೆ, ಸಿಮೆಂಟ್ ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿ ಉಪ್ಪು ಬಿಟ್ಟು ಹೊಸದಾಗಿ ಉದುರೋದಕ್ಕೆ ಶುರುವಾಗುತ್ತದೆ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದಲ್ವಾ, ಒಳಗೆ ಸಿಕ್ಕಿಕೊಂಡ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಸಿಮೆಂಟು ತನ್ನ ಜೊತೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಕಾಂಕ್ರೀಟ್ ನೆಲದ್ದೂ ಇದೇ ಕಥೆ. ಮರದ ಹಲಗೆಯ ಸಂದಿಯಲ್ಲಿ ಹೋಗುತ್ತಿದ್ದ ತೇವ ಪೂರ್ತಿ ಗೋಡೆ ಕಡೆಗೇ ತಿರುಗುತ್ತದೆ.

ಆದ್ದರಿಂದ ಗೋಡೆ ಮುಟ್ಟೋದಕ್ಕೆ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ದೋಣಿ ಕೊಳವೆ ಒಡೆದಿದೆಯಾ? ಅಂಗಳದ ಮಣ್ಣು ವರ್ಷ ವರ್ಷ ಏರಿ ಗೋಡೆಯ ಬುಡ ಮುಚ್ಚಿದೆಯಾ? ತುಂಬಾ ಕಡೆ ಅದೇ ಕಾರಣ. ಬುಡದ ಮಣ್ಣು ತೆಗೆದು, ಮನೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು, ನೆಲಮಾಳಿಗೆಯ ಗಾಳಿಕಿಂಡಿಗಳನ್ನು ಯಾರಾದರೂ ಮುಚ್ಚಿದ್ದರೆ ತೆರೆದು, ಒಂದು ವರ್ಷ ಒಣಗೋದಕ್ಕೆ ಬಿಡಿ. ಈ ಒಂದು ವರ್ಷ ಕಾಯೋದಕ್ಕೆ ಯಾರಿಗೂ ತಾಳ್ಮೆ ಇರೋದಿಲ್ಲ, ಆದರೆ ಹಣ ಉಳಿಯೋದು ಅಲ್ಲೇ.

ಆಮೇಲೆ ಸಡಿಲವಾದ ಗಾರೆ ಮಾತ್ರ ತೆಗೆಯಿರಿ. ಗಟ್ಟಿಯಾಗಿ ಕೂತದ್ದನ್ನು ಕೀಳಬೇಡಿ. ಚೆನ್ನಾಗಿ ನೆನೆದ ಸುಣ್ಣದ ಮುದ್ದೆ, ತೊಳೆದ ಮರಳು, ತೆಳುವಾದ ಪದರ ಪದರವಾಗಿ. ಒಂದೊಂದು ಪದರ ನಿಧಾನ ಗಟ್ಟಿಯಾಗಬೇಕು, ಬಿಸಿಲಿಗೆ ಬೇಗ ಒಣಗಬಾರದು, ಒದ್ದೆ ಗೋಣಿ ಕಟ್ಟಿ. ಇದು ಬೇಸಿಗೆಯ ಕೆಲಸ. ಅಕ್ಟೋಬರ್ ದಾಟಿದರೆ ಹಿಮ ಬಿದ್ದು ಹಸಿ ಗಾರೆ ಹಾಳಾಗುತ್ತದೆ. ಮೇಲೆ ಬಣ್ಣಕ್ಕೂ ಸುಣ್ಣವೇ. ಪ್ಲಾಸ್ಟಿಕ್ ಪೇಂಟು ಬಳಿದರೆ ಮಾಡಿದ್ದೆಲ್ಲ ವ್ಯರ್ಥ. ಹೆಸರು, ಇಸವಿ ಇರುವ ಭಾಗದ ಮೇಲೆ ಹೊಸ ಗಾರೆ ಎಳೆಯೋದಕ್ಕೆ ಬಿಡಬೇಡಿ, ಮೊದಲು ಫೋಟೋ ತೆಗೆದು, ಅಳತೆ ಬರೆದಿಡಿ.

ಕಿಟಕಿಯ ಬಗ್ಗೆ ಒಂದು ಮಾತು. ಅಲ್ಲಿನ ಹಳೇ ಕಿಟಕಿಗಳಿಗೆ ಒಳಗೊಂದು ಜೋಡಿ, ಹೊರಗೊಂದು ಜೋಡಿ ಕದ ಇರುತ್ತವೆ. ಮಧ್ಯದ ಗಾಳಿಯೇ ಚಳಿ ತಡೆಯುತ್ತದೆ. ಮರ ಕೊಳೆತಿರೋದು ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಮಾತ್ರ, ಬಡಗಿ ಅದಷ್ಟೇ ಬದಲಾಯಿಸಿ ಕೊಡುತ್ತಾನೆ. ಬೆಚ್ಚಗಿರಬೇಕು ಅಂದರೆ ಅಟ್ಟದ ನೆಲದ ಮೇಲೆ ಕುರಿ ಉಣ್ಣೆಯೋ ಹುಲ್ಲೋ ಹಾಸಿ. ಗೋಡೆಗೆ ಥರ್ಮಾಕೋಲ್ ಅಂಟಿಸೋದು ಬೇಡವೇ ಬೇಡ.

---

ಸಿಬಿಯು_ವಾಸಿ ಉತ್ತರ:

ಎರಡನೇ ಪ್ರಶ್ನೆ ನನ್ನದು. ನಾನು ಟ್ರಾನ್ಸಿಲ್ವೇನಿಯಾದ ಸಿಬಿಯು ನಗರದಲ್ಲಿ ಕೆಲವು ವರ್ಷ ಇದ್ದೆ, ಗಂಡನ ಕೆಲಸಕ್ಕೆ ಅಂತ ಹೋದದ್ದು. ವಾರದ ಕೊನೆ ಬಂದರೆ ಹಳ್ಳಿ ಸುತ್ತೋದೇ ನಮಗೆ ಕೆಲಸ. ಅದಕ್ಕೇ ಸ್ವಲ್ಪ ಹೆಚ್ಚು ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಮನೆಗಳನ್ನು ಒಂದೊಂದಾಗಿ ನೋಡಬಾರದು. ಅವು ಒಂದೊಂದಾಗಿ ಕಟ್ಟಿದವೇ ಅಲ್ಲ. ಸ್ಯಾಕ್ಸನ್ ಊರುಗಳಲ್ಲಿ ಬೀದಿ ಬೀದಿಗೂ ಒಂದು ನೆರೆಹೊರೆ ಸಂಘ ಇತ್ತು, ನಾಖ್‌ಬಾರ್‌ಶಾಫ್ಟ್ ಅಂತ. ಅದಕ್ಕೆ ಒಬ್ಬ ಯಜಮಾನ, ಒಂದು ಮರದ ಪೆಟ್ಟಿಗೆ, ಲೆಕ್ಕದ ಪುಸ್ತಕ. ಸುದ್ದಿ ಹೇಳಬೇಕಾದರೆ ಒಂದು ಕೆತ್ತಿದ ಗುರುತಿನ ಹಲಗೆ ಮನೆಯಿಂದ ಮನೆಗೆ ಹೋಗುತ್ತಿತ್ತು, ತನ್ನ ಮನೆಯಲ್ಲಿ ಅದನ್ನು ಇಟ್ಟುಕೊಂಡು ಕೂರುವ ಹಾಗಿರಲಿಲ್ಲ, ತಕ್ಷಣ ಮುಂದಿನವರಿಗೆ ಕೊಡಬೇಕು. ಯಾರಾದರೂ ಸತ್ತರೆ ಗುಂಡಿ ತೋಡೋದು, ಬಾವಿ ಸ್ವಚ್ಛ ಮಾಡೋದು, ಬೆಂಕಿ ಬಿದ್ದರೆ ಓಡೋದು, ಹೊಸ ಮನೆ ಏಳಿಸೋದು ಎಲ್ಲ ಸಂಘದ ಕೆಲಸ. ಬಾರದವರಿಗೆ ದಂಡ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಲೆಕ್ಕ ಓದಿ, ಜಗಳ ಇದ್ದವರು ರಾಜಿ ಆಗಬೇಕಿತ್ತು.

ಚರ್ಚುಗಳೂ ಹಾಗೆಯೇ. 1241ರಲ್ಲಿ ಮಂಗೋಲರು ಬಂದು ಊರುಗಳನ್ನು ಸುಟ್ಟರು, ಆಮೇಲೆ ಒಟ್ಟೋಮನ್ ದಾಳಿಗಳು. ಅರಮನೆ, ಸೈನ್ಯ ಏನೂ ಇಲ್ಲದ ರೈತರು ತಮ್ಮ ಚರ್ಚಿನ ಸುತ್ತ ಕೋಟೆ ಕಟ್ಟಿಕೊಂಡರು. ಪ್ರೆಜ್ಮೆರ್ ಊರಿನಲ್ಲಿ ಅಂಥ ಕೋಟೆಗೋಡೆಯ ಒಳಮೈಗೆ ಅಂಟಿಕೊಂಡು ಮಹಡಿ ಮೇಲೆ ಮಹಡಿ 270ರಷ್ಟು ಕೋಣೆಗಳಿವೆ, ದಾಳಿ ಆದಾಗ ಊರವರು ಇರೋದಕ್ಕೆ, ಉಳಿದ ಸಮಯದಲ್ಲಿ ಕಾಳು ಇಡೋದಕ್ಕೆ. ವಿಸ್ಕ್ರಿಯಲ್ಲಿ ಹಂದಿ ಕೊಬ್ಬು ನೇತುಹಾಕುವ ಬುರುಜೇ ಇದೆ, ಊರವರೆಲ್ಲ ತಮ್ಮ ತಮ್ಮ ಮನೆಯದ್ದನ್ನು ಅಲ್ಲಿ ಇಡುತ್ತಿದ್ದರು. ಬಿಯೆರ್ತಾನ್ 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 1999ರಲ್ಲಿ ಇನ್ನೂ ಆರು ಊರು ಸೇರಿ ಒಟ್ಟು ಏಳಾದವು.

ಇಂಥ ಊರುಗಳು ಖಾಲಿ ಆಗಿದ್ದು ಒಂದೇ ದಿನದಲ್ಲಿ ಅಲ್ಲ. 1945ರ ಜನವರಿಯಲ್ಲಿ ರೊಮೇನಿಯಾದ ಜರ್ಮನರಲ್ಲಿ 17ರಿಂದ 45 ವಯಸ್ಸಿನ ಗಂಡಸರನ್ನು, 18ರಿಂದ 30ರ ಹೆಂಗಸರನ್ನು ಸೋವಿಯತ್ ಒಕ್ಕೂಟದ ಗಣಿಗಳಿಗೆ, ಕಾರ್ಖಾನೆಗಳಿಗೆ ಎಳೆದುಕೊಂಡು ಹೋದರು. ಸ್ಯಾಕ್ಸನ್ನರೇ 30,000ದಷ್ಟು ಜನ. ಅದೇ ವರ್ಷ ರೊಮೇನಿಯಾ ಸರ್ಕಾರ ಅವರ ಹೊಲಗಳನ್ನೂ ಕಿತ್ತುಕೊಂಡಿತು. ಆಮೇಲೆ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚಾವ್‌ಶೆಸ್ಕು ಕಾಲದಲ್ಲಿ ಪಶ್ಚಿಮ ಜರ್ಮನಿ ತಲೆಗೆ ಇಷ್ಟು ಮಾರ್ಕ್ ಅಂತ ಹಣ ಕೊಟ್ಟು ಜರ್ಮನರನ್ನು ಬಿಡಿಸಿಕೊಂಡಿತು, 1967ರಿಂದ 1989ರ ತನಕ 2 ಲಕ್ಷಕ್ಕೂ ಜಾಸ್ತಿ ಜನ ಹಾಗೆ ಹೋದರು. ಗಡಿ ತೆರೆದ ಮೇಲೆ 1990 ಒಂದೇ ವರ್ಷದಲ್ಲಿ 1,11,000 ಜರ್ಮನರು ರೊಮೇನಿಯಾ ಬಿಟ್ಟರು. ನಿಮ್ಮ ಗೆಳೆಯನ ಮನೆಯವರೂ ಅದರಲ್ಲಿ ಸೇರಿದವರು. ಅವರ ಅಪ್ಪನಿಗೆ ಮನೆ ಅಂದರೆ ನೋವು, ಅದು ನನಗೆ ಅರ್ಥ ಆಗುತ್ತದೆ. ಮಾರು ಅನ್ನೋ ಮಾತನ್ನು ಸುಮ್ನೆ ಹಣದ ಮಾತು ಅಂದುಕೊಳ್ಳಬೇಡಿ.

ಆದರೂ ಯಾರೂ ಇಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. ರೊಮೇನಿಯನ್ನರು ಇದ್ದಾರೆ, ರೋಮಾ (ಜಿಪ್ಸಿ ಅಂತ ಕರೆಯುತ್ತಿದ್ದ) ಜನ ಇದ್ದಾರೆ, ಕೆಲವೇ ಕೆಲವು ಸ್ಯಾಕ್ಸನ್ ಅಜ್ಜ ಅಜ್ಜಿಯರೂ ಇದ್ದಾರೆ. ಸಂಜೆ ಹಸುಗಳು ಗೋಮಾಳದಿಂದ ಬಂದು ತಮ್ಮ ತಮ್ಮ ಹೆಬ್ಬಾಗಿಲ ಮುಂದೆ ತಾವೇ ನಿಲ್ಲುತ್ತವೆ, ಆ ಬಾಗಿಲು ತೆಗೆಯುವವರು ಈಗಿನ ಊರವರು. ನಿಮ್ಮ ಗೆಳೆಯನ ಮನೆ ಇವತ್ತಿಗೂ ನಿಂತಿರೋದು ಎದುರುಮನೆ ಅಜ್ಜಿಯಿಂದ. ನೆರೆಹೊರೆ ಅಂದರೆ ಅದೇ ಅಲ್ವಾ. ಮನೆ ಉಳಿಸೋದು ಹೋದವರ ನೆನಪಿಗೆ ಮಾತ್ರ ಅಲ್ಲ, ಅಲ್ಲಿರುವವರ ಬೀದಿಗೋಸ್ಕರವೂ ಹೌದು. ಆ ಸಾಲಿನಲ್ಲಿ ಒಂದು ಮನೆ ಬಿದ್ದರೆ ಪಕ್ಕದ ಮನೆಯ ಗೋಡೆಯೂ ಬಯಲಾಗುತ್ತದೆ.

---

ಬೆಟ್ಟದ_ದಾರಿ ಉತ್ತರ:

ಅಕ್ಕ, ನಿಮ್ಮ ಮಾತು ಚೆನ್ನಾಗಿದೆ, ಆದರೆ ಒಂದು ಕಡೆ ಒಪ್ಪೋದು ಕಷ್ಟ. ನಾನು ವಿಯಾ ಟ್ರಾನ್ಸಿಲ್ವಾನಿಕಾ ನಡೆದವನು. ರೊಮೇನಿಯಾದ ಉದ್ದಕ್ಕೂ 1,400 ಕಿಲೋಮೀಟರ್ ದಾಟುವ ಕಾಲುದಾರಿ, ಪ್ರತಿ ಕಿಲೋಮೀಟರಿಗೆ ಒಂದು ಕೆತ್ತಿದ ಕಲ್ಲು ನೆಟ್ಟಿದ್ದಾರೆ. ನಾನು ಸ್ಯಾಕ್ಸನ್ ಊರುಗಳ ಭಾಗ ಮಾತ್ರ ಮುಗಿಸಿದ್ದು. ದಾರಿಯಲ್ಲಿ ಎಷ್ಟೋ ಮನೆ ಅತಿಥಿಗೃಹ ಆಗಿರೋದನ್ನು ನೋಡಿದೆ. ವಿಸ್ಕ್ರಿಯಲ್ಲಿ ಈಗಿನ ಬ್ರಿಟನ್ ರಾಜ ಚಾರ್ಲ್ಸ್ 2006ರಲ್ಲಿ ಒಂದು ನೀಲಿ ಮನೆ ಕೊಂಡ ಮೇಲೆ ಇಡೀ ಜಗತ್ತು ಅಲ್ಲಿಗೆ ಬರುತ್ತಿದೆ. ಬೇಸಿಗೆಯಲ್ಲಿ ಕಾರುಗಳ ಸಾಲು. ಮನೆಯ ಬೆಲೆ ಏರಿದರೆ ಊರಿನ ಹುಡುಗ ಮದುವೆಯಾಗಿ ಅಲ್ಲೇ ಮನೆ ಮಾಡೋದು ಹೇಗೆ? ಗೋಡೆಗೆ ಸುಣ್ಣ ಹಚ್ಚಿದ್ದಾರೆ, ಕೊಟ್ಟಿಗೆಯಲ್ಲಿ ದನ ಇಲ್ಲ. ಅಂಥದ್ದನ್ನು ಉಳಿಸಿದ್ದು ಅಂತ ಹೇಳೋದಕ್ಕೆ ನನಗೆ ಮನಸ್ಸು ಬರೋದಿಲ್ಲ.

ಹಾಗಾಗಿ ನಿಮ್ಮ ಗೆಳೆಯ ವರ್ಷಕ್ಕೆ ಎರಡು ವಾರ ಹೋಗಿ ಇರೋದಕ್ಕೆ ಅಂತ ಲಕ್ಷಗಟ್ಟಲೆ ಸುರಿಯೋದಕ್ಕಿಂತ, ವರ್ಷವಿಡೀ ಅಲ್ಲಿ ಇರುವ ಕುಟುಂಬಕ್ಕೆ ಕಡಿಮೆ ಬೆಲೆಗೆ ಮಾರಲಿ. ಒಲೆ ಉರಿಯುವ ಮನೆ ಬೇಗ ಬೀಳೋದಿಲ್ಲ.

---

ಸಿಬಿಯು_ವಾಸಿ ಉತ್ತರ:

ನೀವು ಹೇಳಿದ ಬೆಲೆಯ ವಿಷಯ ನಿಜ, ಅದನ್ನು ಮುಚ್ಚಿಡಬಾರದು. ಆದರೆ ವಿಸ್ಕ್ರಿಯ ಕಥೆ ರಾಜನಿಂದ ಶುರುವಾಗಿದ್ದಲ್ಲ. ಅಲ್ಲೇ ಹುಟ್ಟಿದ ಸ್ಯಾಕ್ಸನ್ ಹೆಣ್ಣುಮಗಳು ಕ್ಯಾರೊಲಿನ್ ಫೆರ್ನೊಲೆಂಡ್ ಊರು ಬಿಡದೆ ಉಳಿದರು. ಹಳೇ ಊರುಗಳನ್ನು ಉಳಿಸುವ ಮಿಹಾಯ್ ಎಮಿನೆಸ್ಕು ಟ್ರಸ್ಟ್ ಜೊತೆ ಸೇರಿ ಊರವರಿಗೇ ಗಾರೆ ಕೆಲಸ, ಬಡಗಿ ಕೆಲಸ ಕಲಿಸಿದರು, ಇಡೀ ಊರನ್ನು ಒಟ್ಟಿಗೆ ನೋಡಿದರು. ಉಣ್ಣೆ ಕಾಲುಚೀಲ ಹೆಣೆದು ಮಾರಿ ಎಷ್ಟೋ ಹೆಂಗಸರು ಮನೆ ನಡೆಸಿದರು. ಕೂಲಿ ಊರಲ್ಲೇ ಉಳಿಯಿತು. ಅದು ಇಲ್ಲದೇ ಹೋಗಿದ್ದರೆ ಬೆಲೆ ಏರೋದಕ್ಕೆ ಅಲ್ಲಿ ಮನೆಯೇ ಇರುತ್ತಿರಲಿಲ್ಲ.

ಹಾಗೇ ಬಿಟ್ಟರೆ ಏನಾಗುತ್ತದೆ ಅಂತಲೂ ಗೊತ್ತಿದೆ. 2016ರ ಫೆಬ್ರವರಿಯಲ್ಲಿ ರೊವಾದೆಶ್ ಊರಿನ ಚರ್ಚ್ ಗೋಪುರ ಕುಸಿಯಿತು, ಅದೇ ತಿಂಗಳು ರೋಟ್‌ಬಾವ್ ಊರಿನದ್ದೂ ಕುಸಿಯಿತು. ಶತಮಾನಗಳಿಂದ ನಿಂತಿದ್ದ ಗೋಪುರಗಳು.

---

ನ್ಯೂರೆಂಬರ್ಗ್_ದಾವಣಗೆರೆ:

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಗೆಳೆಯನಿಗೆ ಜರ್ಮನ್‌ನಲ್ಲಿ ಓದಿ ಹೇಳಿದೆ. ಕಂಟ್ರಾಕ್ಟರಿಗೆ ಬೇಡ ಅಂತ ಹೇಳಿದ್ದಾನೆ. ಮಾರೋದೋ ಇಡೋದೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಆದರೆ ಎದುರುಮನೆ ಅಜ್ಜಿಯ ಮೊಮ್ಮಗ ಸಂಸಾರ ಸಮೇತ ಅಲ್ಲಿ ಬಂದು ಇರೋದಕ್ಕೆ ಒಪ್ಪುತ್ತಾನಾ ಅಂತ ಕೇಳುತ್ತೇನೆ ಅಂದ. ಬಾಡಿಗೆ ಬೇಡ, ಮನೆ ನೋಡಿಕೊಂಡರೆ ಸಾಕು ಅನ್ನೋ ಯೋಚನೆ. ಅದು ನನಗೂ ಇಷ್ಟ ಆಯಿತು.

ಈಗ ಮಾಡಿನ ವಿಷಯ ಒಂದು ಉಳಿಯಿತು. ಚಳಿಗಾಲದೊಳಗೆ ಏನು ಮಾಡಬೇಕು? ಹೆಂಚು ಅಂಥದ್ದೇ ಎಲ್ಲಿ ಸಿಗುತ್ತದೆ?

---

ಗಾರೆ_ಕೆಲಸ ಉತ್ತರ:

ಮೊದಲು ಮಾಡೇ ಮಾಡಿಸಿ, ಗೋಡೆ ಕಾಯುತ್ತದೆ. ಮಳೆ ನೀರು ಒಳಗೆ ಬರುವ ಮನೆಗೆ ಬೇರೆ ಯಾವ ದುರಸ್ತಿಯೂ ನಿಲ್ಲೋದಿಲ್ಲ.

ಆ ಹೆಂಚು ಚಪ್ಪಟೆಯಾಗಿ, ತುದಿ ದುಂಡಗೆ ಇರುತ್ತದೆ, ಜರ್ಮನ್‌ನಲ್ಲಿ ಬೀಬರ್‌ಶ್ವಾಂಟ್ಸ್ ಅಂತಾರೆ. ನಮ್ಮ ಮಂಗಳೂರು ಹೆಂಚಿನ ಹಾಗೆ ಒಂದಕ್ಕೊಂದು ಸಿಕ್ಕಿಕೊಳ್ಳೋದಿಲ್ಲ, ಹಿಂದಿನ ಮೂತಿಯನ್ನು ರೀಪಿಗೆ ನೇತುಹಾಕಿ ಒಂದರ ಮೇಲೊಂದು ಹೊದಿಸುತ್ತಾರೆ. ಹಾಗಾಗಿ ಒಂದೆರಡು ಜಾರಿದರೂ ಬದಲಾಯಿಸೋದು ಸುಲಭ. ಕೈಯಲ್ಲಿ ಮಾಡಿದ್ದು, ಕೆಲವದರ ಮೇಲೆ ಬೆರಳಲ್ಲಿ ಗೀಚಿದ ಇಸವಿ, ಚಿತ್ರ ಕೂಡ ಸಿಗುತ್ತವೆ. ಅಂಥದ್ದು ಕಂಡರೆ ಬೇರೆ ಎತ್ತಿಡಿ.

ಕುಸಿದ ಮೂಲೆಯಲ್ಲಿ ಹೆಂಚು ಕೆಳಗಿಳಿಸಿ ಮರ ನೋಡಿಸಿ. ಗೋಡೆಯ ಮೇಲೆ ಕೂರುವ ತೊಲೆಯ ತುದಿ ಕೊಳೆತಿರುತ್ತದೆ, ನೂರಕ್ಕೆ ತೊಂಬತ್ತು ಕಡೆ ನಾನು ಕಂಡಿದ್ದು ಅದೇ. ಕೊಳೆತಷ್ಟು ಕತ್ತರಿಸಿ ಅದೇ ಜಾತಿಯ ಮರ ಜೋಡಿಸಿದರೆ ಸಾಕು, ಇಡೀ ಮಾಡು ಕೀಳಬೇಕಿಲ್ಲ. ಹಳೇ ಹೆಂಚು ಒಡೆಯದ್ದನ್ನೆಲ್ಲ ಮತ್ತೆ ಹಾಕಿ. ಕಡಿಮೆ ಬಿದ್ದದ್ದಕ್ಕೆ ಮೊದಲು ನಿಮ್ಮದೇ ಕೊಟ್ಟಿಗೆಯ ಹಿಂಭಾಗ ಹುಡುಕಿ, ಅಜ್ಜಂದಿರು ಒಂದು ರಾಶಿ ಎತ್ತಿಟ್ಟಿರುತ್ತಾರೆ. ಇಲ್ಲದಿದ್ದರೆ ಆಪೋಶ್ ಅನ್ನೋ ಊರಲ್ಲಿ ಕೈಯಲ್ಲೇ ಹೆಂಚು, ಇಟ್ಟಿಗೆ ಮಾಡಿ ಸೌದೆ ಭಟ್ಟಿಯಲ್ಲಿ ಸುಡುತ್ತಾರೆ, ಅಲ್ಲಿ ವಿಚಾರಿಸಿ. ತಗಡು ಹಾಕಿದರೆ ಅಟ್ಟದಲ್ಲಿ ಬೆವರು ಕೂತು ಮರ ಇನ್ನೂ ಬೇಗ ಕೊಳೆಯುತ್ತದೆ.

ಆಪೋಶ್ ಇರುವ ಹರ್ತಿಬಾಚು ಕಣಿವೆಯ ಕಡೆ ವಾಸ್ತುಶಿಲ್ಪಿ ಯೂಜೆನ್ ವಾಯ್ಡಾ 2016ರಲ್ಲಿ ಸ್ಮಾರಕಗಳ ಆಂಬುಲೆನ್ಸ್ ಅಂತ ಶುರು ಮಾಡಿದರು. ವ್ಯಾನಿನಲ್ಲಿ ಸಲಕರಣೆ ತುಂಬಿಕೊಂಡು ಹೋಗಿ, ಸ್ವಯಂಸೇವಕರನ್ನು ಸೇರಿಸಿ, ಬೀಳುವ ಹಂತದ ಕಟ್ಟಡದ ಮಾಡನ್ನು ಮೊದಲು ಭದ್ರ ಮಾಡುತ್ತಾರೆ. 2020ರಲ್ಲಿ ಪರಂಪರೆ ಉಳಿಸುವ ಕೆಲಸಕ್ಕೆ ಯುರೋಪಿನಲ್ಲಿ ಕೊಡುವ ಯುರೋಪಾ ನೋಸ್ಟ್ರಾ ಪ್ರಶಸ್ತಿ ಬಂತು. ಅವರು ಖಾಸಗಿ ಮನೆಗೆ ಬರದಿದ್ದರೂ ಪರವಾಗಿಲ್ಲ, ಆ ಶಿಬಿರಗಳಲ್ಲಿ ಕೆಲಸ ಮಾಡಿದ ಬಡಗಿ, ಮೇಸ್ತ್ರಿಗಳು ಯಾರು ಅಂತ ಕೇಳಿ ಪಡೆಯಿರಿ.

ಇನ್ನೊಂದು. ಊರು ಸಂರಕ್ಷಿತ ವಲಯದಲ್ಲಿದ್ದರೆ ಕಿಟಕಿ, ಮಾಡು ಬದಲಾಯಿಸೋದಕ್ಕೆ ಜಿಲ್ಲೆಯ ಸಂಸ್ಕೃತಿ ಇಲಾಖೆಯ ಒಪ್ಪಿಗೆ ಬೇಕು, ಮುನ್ಸಿಪಾಲಿಟಿಯಲ್ಲಿ ಮೊದಲೇ ಕೇಳಿಕೊಳ್ಳಿ. ಮತ್ತೆ ಜರ್ಮನಿಯಲ್ಲಿ ಬಹಳಷ್ಟು ಸ್ಯಾಕ್ಸನ್ ಹಳ್ಳಿಗಳಿಗೆ ಅಲ್ಲಿಂದ ಬಂದವರ ಊರ ಸಂಘಗಳಿವೆ, ಪೆಂಟೆಕೋಸ್ಟ್ ಹಬ್ಬಕ್ಕೆ ಡಿಂಕೆಲ್ಸ್‌ಬ್ಯೂಲ್‌ನಲ್ಲಿ ಎಲ್ಲರೂ ಸೇರುತ್ತಾರೆ. ಡಿಂಕೆಲ್ಸ್‌ಬ್ಯೂಲ್ ನಿಮಗೆ ದೂರವೇನಲ್ಲ. ಅಪ್ಪನನ್ನೂ ಕರೆದುಕೊಂಡು ಹೋಗಲಿ. ಆ ಬೀದಿಯ ಹಳೇ ಫೋಟೋ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ, ಮುಂಗೋಡೆಯ ಅಲಂಕಾರ, ಹೆಬ್ಬಾಗಿಲ ಮೇಲಿನ ಚಿಕ್ಕ ಮಾಡು ಮೊದಲು ಹೇಗಿತ್ತು ಅಂತ ಅದರಿಂದ ಗೊತ್ತಾಗುತ್ತದೆ.

ಮೂಲೆ ಬಿಚ್ಚಿದ ಮೇಲೆ ಫೋಟೋ ಹಾಕಿ, ತೊಲೆಯ ತುದಿ ನೋಡಿ ಎಷ್ಟು ಕತ್ತರಿಸಬೇಕು ಅಂತ ಹೇಳುತ್ತೇನೆ.